ದ್ಯಾಮಣ್ಣನ ಕೊರಳು

ಆ ವರ್ಷ ದೀಪಾವಳಿ ಕಳೆದು ನಲವತ್ತು ದಿನವಾದರೂ ಬಾತುಗಳು ಬರಲಿಲ್ಲ. ಊರಲ್ಲಿ ಹದಿನೇಳು ಮಂದಿ ಬಸುರಿಯರು ದಿನ ತುಂಬಿ ಕೂತಿದ್ದರು. ಅವರಲ್ಲಿ ನನ್ನ ಹೆಂಡತಿ ನೀಲವ್ವ ಒಬ್ಬಳು. ದ್ಯಾಮಣ್ಣನ ಮಗಳು ಹೊಳೆವ್ವ ಇನ್ನೊಬ್ಬಳು. ನಾನು ಹೇಳಬೇಕೆಂದಿರುವುದು ದ್ಯಾಮಣ್ಣನ ಕಥೆ. ನನ್ನದು ಅದರೊಳಗೇ ಬರುತ್ತದೆ.

ನಮ್ಮೂರಲ್ಲಿ ಹೆರಿಗೆಗೆ ಯಾರೂ ತಿಂಗಳು ಎಣಿಸುವುದಿಲ್ಲ. ಬಡಗಣ ಗಾಳಿ ಬೀಸಬೇಕು, ಕೆರೆಯ ಮೇಲೆ ಮಂಜು ಕೂಡಬೇಕು, ಬಾತುಗಳ ಮೊದಲ ಹಿಂಡು ಕೂಗುತ್ತ ನೀರಿಗಿಳಿಯಬೇಕು. ಆಗ ಬಸುರಿಯರಿಗೆ ಬೇನೆ ಶುರುವಾಗುತ್ತದೆ. ಅಲ್ಲಿಯತನಕ ಇಲ್ಲ. ಹಾಗಾಗಿ ಮದುವೆಗಳೆಲ್ಲ ಮಾಘ ಮುಗಿಯುವುದರೊಳಗೆ ಆಗಿಬಿಡುತ್ತವೆ. ದಸರೆಯ ಮರುದಿನದಿಂದ ಬಡಿಗೇರರು ಬೇರೆ ಕೆಲಸ ಬಿಟ್ಟು ತೊಟ್ಟಿಲು ಹಿಡಿಯುತ್ತಾರೆ, ದರ್ಜಿ ಕುಲಾವಿ ಹೊಲಿಯುತ್ತಾನೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾಸ್ತರರು ಮೊದಲ ಹುಡುಗನ ಹುಟ್ಟಿದ ತಾರೀಖು ಬರೆದು, ಕೆಳಗಿನವರಿಗೆಲ್ಲ ಅದೇ ಎಂಬ ಗುರುತು ಹಾಕುತ್ತ ಹೋಗುತ್ತಾರೆ. ದೊಡ್ಡ ಊರಿನ ಆಸ್ಪತ್ರೆಗೆ ಒಯ್ದವರೂ ಉಂಟು. ಅಲ್ಲಿಯ ಡಾಕ್ಟರು ಸೂಜಿ ಚುಚ್ಚಿ, ಸಲೈನ್ ಹಚ್ಚಿ, ನಾಲ್ಕು ದಿನ ನೋಡಿ ಮನೆಗೆ ಕಳಿಸುತ್ತಾರೆ. ಹೊಟ್ಟೆ ಕೊಯ್ದು ತೆಗೆದದ್ದು ಒಂದೇ ಸಲ. ಆ ಕೂಸು ಉಳಿಯಲಿಲ್ಲ. ಮತ್ತೆ ಯಾರೂ ಆ ಹಾದಿ ಹಿಡಿಯಲಿಲ್ಲ.

ಬೇಟೆಯವರು ನಾವು ಮೂವತ್ತು ಮನೆ. ಮಹಾನವಮಿಯಿಂದ ತೆಪ್ಪಕ್ಕೆ ಇಬ್ಬಿಬ್ಬರಂತೆ ಜೊಂಡಿನ ಮರೆಯಲ್ಲಿ ಕೂಡುತ್ತೇವೆ. ಮೊದಲ ಹಿಂಡಿಗೆ ಬಂದೂಕು ಎತ್ತುವಂತಿಲ್ಲ. ಕಂಡವನು ಊರೊಳಗೆ ಓಡಿ ಸುದ್ದಿ ಮುಟ್ಟಿಸಬೇಕು, ಸೂಲಗಿತ್ತಿಯರು ನೀರು ಕಾಯಿಸಬೇಕು, ಕಡೆಯ ಕೂಸು ಅತ್ತ ಮೇಲೆಯೇ ನಮ್ಮ ಮೊದಲ ಗುಂಡು. ಆ ಮೊದಲ ಹಕ್ಕಿಯ ಸಾರು ಬಾಣಂತಿಯರಿಗೆ. ಆಮೇಲೆ ಶಿವರಾತ್ರಿಯವರೆಗೆ ನಮ್ಮ ಹೊಟ್ಟೆಪಾಡು.

ದ್ಯಾಮಣ್ಣ ಮತ್ತು ನಾನು ಒಂದೇ ತೆಪ್ಪದವರು. ಹತ್ತೊಂಬತ್ತು ವರ್ಷ ಅವನ ಪಕ್ಕದಲ್ಲಿ ಕೂತಿದ್ದೆ. ಬಂದೂಕಿಗೆ ಮದ್ದು ತುಂಬುವುದು, ಮರದ ಬಾತುಗಳನ್ನು ಕೆತ್ತಿ ಬಣ್ಣ ಹಚ್ಚಿ ತೇಲಿಬಿಡುವುದು, ಮೋಡದ ಬಣ್ಣ ನೋಡಿ ನಾಳೆಯ ಗಾಳಿ ಹೇಳುವುದು, ಎಲ್ಲ ಅವನೇ ಕಲಿಸಿದ. ಒಂದನ್ನು ಮಾತ್ರ ಕಲಿಸಲಾಗಲಿಲ್ಲ. ಅವನು ಎರಡೂ ಅಂಗೈ ಬಾಯಿಗೆ ಹಿಡಿದು, ಕೊರಳಿನ ತಳದಿಂದ ಬಾತಿನ ಕೂಗು ಎಬ್ಬಿಸುತ್ತಿದ್ದ. ಆಕಾಶದಲ್ಲಿ ಚುಕ್ಕಿಯಾಗಿ ದಾಟಿಹೋಗುತ್ತಿದ್ದ ಹಿಂಡು ಅದನ್ನು ಕೇಳಿ ರೆಕ್ಕೆ ವಾಲಿಸಿ, ಸುತ್ತು ಹಾಕಿ, ನಮ್ಮೆದುರಿಗೇ ಬಂದಿಳಿಯುತ್ತಿತ್ತು. ನಾನು ಕೂಗಿದರೆ ಕಪ್ಪೆಗಳು ಉತ್ತರ ಕೊಡುತ್ತಿದ್ದವು. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅವನ ಹೆಂಡತಿ ಜ್ವರದಿಂದ ತೀರಿಕೊಂಡಾಗ ಹೊಳೆವ್ವನಿಗೆ ಆರು ವರ್ಷ. ಅವಳ ತಲೆ ಬಾಚಿದ್ದು, ಹೆಣಲು ಹಾಕಿದ್ದು, ರೊಟ್ಟಿ ಬಡಿಯಲು ಕಲಿಸಿದ್ದು ಎಲ್ಲ ಅವನೇ. ಊರೊಳಗೇ ಸೋಮಲಿಂಗನಿಗೆ ಕೊಟ್ಟು ಮದುವೆ ಮಾಡಿದ್ದ. ಎಂಟು ವರ್ಷ ಮಕ್ಕಳಾಗಲಿಲ್ಲ. ಒಂಬತ್ತನೆಯ ವರ್ಷ ಬಸಿರು ನಿಂತಾಗ ದ್ಯಾಮಣ್ಣ ಯಾರಿಗೂ ಹೇಳದೆ ತಾನೇ ತೊಟ್ಟಿಲು ಮಾಡಲು ಕೂತ. ಬಡಿಗೇರರ ತೊಟ್ಟಿಲು ಅವನಿಗೆ ಹಿಡಿಸಲಿಲ್ಲ.

ಆ ವರ್ಷ ಹವೆಯೇ ಬೇರೆಯಾಗಿತ್ತು. ಮಾರ್ಗಶಿರದಲ್ಲೂ ತೆಂಕಣ ಗಾಳಿ. ಬೆಳಗ್ಗೆ ಎದ್ದರೆ ಅಂಗಿ ಮೈಗಂಟುತ್ತಿತ್ತು. ಜೊಂಡಿನ ತುದಿ ಒಣಗುವ ಹೊತ್ತಿನಲ್ಲಿ ಹೊಸ ಕುಡಿ ಒಡೆಯಿತು, ಸೊಳ್ಳೆ ಮುಕುರಿದವು. ದ್ಯಾಮಣ್ಣ ದಿನಾ ತೆಪ್ಪ ನಿಲ್ಲಿಸಿದ ಕೂಡಲೇ ತೋಳನ್ನು ಮೊಣಕೈವರೆಗೆ ನೀರಿಗೆ ಇಳಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇಡುತ್ತಿದ್ದ.

"ನೀರ ಇನ್ನೂ ಬೆಚ್ಚಗ ಐತಿ," ಅನ್ನುತ್ತಿದ್ದ. "ಬರ್ತಾವ, ತಡಾ ಆಗ್ತೈತಿ ಅಷ್ಟ."

ಒಂದು ದಿನ ಅದನ್ನು ಅನ್ನುವುದನ್ನೂ ಬಿಟ್ಟ. ತೋಳು ತೆಗೆದು ಪಂಚೆಗೆ ಒರೆಸಿಕೊಂಡು ಸುಮ್ಮನೆ ಆಕಾಶ ನೋಡತೊಡಗಿದ.

ಮಾವನ ಮುಖ ನೋಡಲಾಗದೆ ಸೋಮಲಿಂಗ ಬಡಗಣ ಸೀಮೆಗೆ ಹೊರಟ. ಹಕ್ಕಿಗಳು ಎಲ್ಲಿ ಸಿಕ್ಕಿಕೊಂಡಿವೆ ಎಂದು ನೋಡಿಬರುತ್ತೇನೆಂದ. ಹದಿನೆಂಟು ದಿನಕ್ಕೆ ಬಂದ, ಕಾಲೆಲ್ಲ ಬೊಬ್ಬೆ. ಕೆರೆಯ ಏರಿಯ ಮೇಲೆ ಕೂತಿದ್ದ ನಮ್ಮನ್ನೆಲ್ಲ ನೋಡಿ, ನಿಂತಲ್ಲೇ ಹೇಳಿದ: "ಅದಾವ್ರೀ. ಆ ಕಡೆ ಕೆರಿಗೋಳ ತುಂಬ ಅದಾವ. ಸಾವಿರಗಟ್ಟಲೆ. ಅಲ್ಲೂ ಥಂಡಿ ಬಿದ್ದಿಲ್ಲ. ಥಂಡಿ ಬೀಳದ ಅವು ಯಾಕ ಏಳ್ತಾವ? ಆರಾಮ ಮೇಯಾಕತ್ತಾವ."

"ಓಡಸಬೇಕಿತ್ತು," ಅಂದ ಯಾರೋ.

"ಓಡಿಸಿದೆ. ಕಲ್ಲ ಒಗದೆ, ಚೀರಿದೆ. ಎದ್ದು ಇನ್ನೊಂದ ದಂಡಿಗೆ ಹೋಗಿ ಕುಂತ್ವು."

ಮನೆಗಳಲ್ಲಿ ಬಾಣಂತಿಯರಿಗೆಂದು ಕಟ್ಟಿಟ್ಟ ಅಂಟಿನುಂಡಿ ಮುಗ್ಗಲು ಹಿಡಿಯಿತು. ಮತ್ತೆ ಕಟ್ಟಿದರು. ಅದೂ ಹಿಡಿಯಿತು. ಹೆಂಗಸರು ಹತ್ತು ತಿಂಗಳು ದಾಟಿ ಹನ್ನೊಂದಕ್ಕೆ ಬಿದ್ದರು. ನೀಲವ್ವನ ಕಾಲು ಊದಿ ಕಾಲುಂಗುರ ಕತ್ತರಿಸಿ ತೆಗೆಯಬೇಕಾಯಿತು. ಕೂಡಲಾರಳು, ಮಲಗಲಾರಳು, ಗೋಡೆಗೆ ಎರಡೂ ಕೈ ಊರಿ ನಿಂತೇ ನಿದ್ದೆ ಮಾಡುತ್ತಿದ್ದಳು. ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ದೂರದಲ್ಲಿ ಕಾಗೆ ಕೂಗಿದರೂ ಹದಿನೇಳು ಮನೆಗಳ ಬಾಗಿಲಲ್ಲಿ ಜನ ಬಂದು ನಿಲ್ಲುತ್ತಿದ್ದರು.

ಪುಷ್ಯದ ಮೊದಲ ವಾರ ಕುಂಬಾರರ ಸೊಸೆ ಸಾವಂತ್ರಿ ತೀರಿಕೊಂಡಳು. ಕೂಸು ಒಳಗೇ ಇತ್ತು. ಮಣ್ಣು ಮಾಡಿ ಬಂದ ದಿನವೇ ಮಧ್ಯಾಹ್ನ ಸೂಲಗಿತ್ತಿ ಖಾಸಿಂಬಿ ದ್ಯಾಮಣ್ಣನ ಮನೆಗೆ ಬಂದಳು. ಊರಿನ ಅರ್ಧ ಮಕ್ಕಳನ್ನು ಅವಳೇ ಹಿಡಿದು ಹೊರಗೆಳೆದವಳು, ನನ್ನನ್ನೂ, ಹೊಳೆವ್ವನನ್ನೂ. ನಾನು ಜಗುಲಿಯಲ್ಲಿ ಮದ್ದಿನ ಚೀಲ ಒಣಗಿಸುತ್ತಿದ್ದೆ. ಹೆರಿಗೆಗೆಂದು ಅಪ್ಪನ ಮನೆಗೆ ಬಂದಿದ್ದ ಹೊಳೆವ್ವ ಒಳಗೆ ಗೋಡೆಗೊರಗಿ ಕೂತಿದ್ದಳು.

"ದ್ಯಾಮಣ್ಣ, ನೀ ಕರಿ," ಅಂದಳು ಖಾಸಿಂಬಿ.

ದ್ಯಾಮಣ್ಣನಿಗೆ ಅರ್ಥವಾಗಲಿಲ್ಲ. "ಯಾರನ್ನ ಕರೀಲಿ? ಆಕಾಶದಾಗ ಒಂದ ಹಕ್ಕಿ ಇಲ್ಲ."

"ಹಕ್ಕಿನ್ನಲ್ಲೋ. ಕೂಸುಗೋಳ್ನ ಕರಿ. ಏರಿ ಮ್ಯಾಲೆ ನಿಂತು ಕೂಗು. ಹಕ್ಕಿ ಕೂಗೋದಕ್ಕೂ ನೀ ಕೂಗೋದಕ್ಕೂ ಹಕ್ಕಿಗೇ ಫರಕ ಗೊತ್ತಾಗೂದಿಲ್ಲ. ಹೊಟ್ಟ್ಯಾಗಿನ ಕೂಸಿಗೆ ಗೊತ್ತಾಗ್ತೈತೇನು?"

ದ್ಯಾಮಣ್ಣನ ಮುಖ ಕಪ್ಪಿಟ್ಟಿತು. ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದ. "ಖಾಸಿಂಬಿ, ಈ ಕೊರಳ ಕೇಳಿ ಇಳದದ್ದು ಒಂದೂ ಬದುಕಿಲ್ಲ. ನಲವತ್ತು ವರ್ಷ ಕರದೀನಿ, ಬಂದಾವ, ಹೊಡದೀನಿ. ಇಂಥಾ ಕೊರಳಿಂದ ಕೂಸ ಕರೀ ಅಂತೀ? ಬಂದ್ರ ಎಲ್ಲಿಗೆ ಬರ್ತಾವ?"

"ಕರೀದಿದ್ರ ಎಲ್ಲಿಗೆ ಹೋಗ್ತಾವ ಅನ್ನೂದ ಈಗ ನೋಡಿ ಬಂದೀವಲ್ಲ."

ಒಳಗಿನಿಂದ ಹೊಳೆವ್ವನ ದನಿ ಬಂತು, ಬಹಳ ಮೆಲ್ಲಗೆ.

"ಯಪ್ಪಾ, ಕರಿ. ನನಗ ಇನ್ನ ಆಗವಲ್ದು."

ಮರುದಿನ ಹೊತ್ತು ಮೂಡುವ ಹೊತ್ತಿಗೆ ದ್ಯಾಮಣ್ಣ ಏರಿಯ ಮೇಲೆ ನಿಂತ. ನಾನು ಬಿಸಿನೀರು, ಜ್ಯೇಷ್ಠಮಧು ಇಟ್ಟುಕೊಂಡು ಕಾಲಬುಡದಲ್ಲಿ ಕೂತೆ. ಊರೆಲ್ಲ ಬಾಗಿಲಲ್ಲಿ ನಿಂತಿತ್ತು. ಅವನು ಕೆರೆಗೆ ಬೆನ್ನು ಮಾಡಿ ಊರಿನ ಕಡೆ ಮುಖ ಮಾಡಿದ. ನಲವತ್ತು ವರ್ಷದಲ್ಲಿ ಅವನು ಆ ಕಡೆ ಮುಖ ಮಾಡಿ ಕೂಗಿದ್ದು ಅದೇ ಮೊದಲು. ಅಂಗೈ ಬಾಯಿಗೆ ಹಿಡಿದ. ಮೊದಲ ಕೂಗು ಒಡೆದುಹೋಯಿತು. ಎರಡನೆಯದು ಸರಿಯಾಗಿ ಎದ್ದಿತು. ಹಿಂಡಿನ ಮುಂದಾಳು ನೀರು ಕಂಡು ಹಿಂದಿನವರಿಗೆ ಹೇಳುತ್ತದಲ್ಲ, ಆ ಕೂಗು. ಅದರ ಹಿಂದೆಯೇ ಹತ್ತು, ಇಪ್ಪತ್ತು ಹಕ್ಕಿಗಳು ಒಟ್ಟಿಗೆ ಮಾತಾಡಿದಂತೆ ಕೊರಳು ಹೊರಳಿತು. ಎಲ್ಲ ಗೊತ್ತಿದ್ದೂ ನಾನು ತಲೆಯೆತ್ತಿ ಆಕಾಶ ನೋಡಿದೆ.

ಕುಂಬಾರ ಓಣಿಯ ಕಡೆಯಿಂದ ಒಬ್ಬಳು ಚೀರಿದಳು. ಆಮೇಲೆ ಇನ್ನೊಬ್ಬಳು. ಬೇನೆ ಊರೊಳಗೆ ಮನೆಯಿಂದ ಮನೆಗೆ ಹತ್ತಿಕೊಂಡಿತು. ಹೆಂಗಸರು ಬಿಸಿನೀರಿನ ಹಂಡೆ ಹೊತ್ತು ಓಡಾಡಿದರು, ಗಂಡಸರು ಅಳುತ್ತ ನಗುತ್ತ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಊಟದ ಹೊತ್ತಿಗೆ ಮೊದಲ ಕೂಸು ಅತ್ತಿತು.

ಆದರೆ ದ್ಯಾಮಣ್ಣ ನೀರು ಕುಡಿಯಲು ನಿಲ್ಲಿಸಿದರೆ ಬೇನೆಯೂ ನಿಲ್ಲುತ್ತಿತ್ತು. ಮೇಲೆ ಸುತ್ತು ಹಾಕುತ್ತಿರುವ ಹಿಂಡು ಕರೆ ನಿಂತರೆ ಹೇಗೆ ಅನುಮಾನಪಟ್ಟು ದೂರ ಸರಿಯುತ್ತದೋ ಹಾಗೆ. ನಾಲ್ಕು ಗುಟುಕು ಕುಡಿದು ಮತ್ತೆ ಶುರು ಮಾಡಿದರೆ ಸರಿದದ್ದು ಮರಳಿ ಬರಲು ಒಂದು ತಾಸು ಹಿಡಿಯುತ್ತಿತ್ತು. ಹಾಗಾಗಿ ಅವನು ನೀರು ಕುಡಿಯುವುದನ್ನು ಕಡಿಮೆ ಮಾಡಿದ. ಕತ್ತಲಾಗುವ ಹೊತ್ತಿಗೆ ಒಂಬತ್ತು ಕೂಸು. ಅವನನ್ನು ಇಬ್ಬರು ಹಿಡಿದು ಮನೆಗೆ ಕರೆದೊಯ್ದೆವು.

ಎರಡನೆಯ ದಿನ ಐದು. ಮಧ್ಯಾಹ್ನದ ಮೇಲೆ ಅವನ ದನಿಯಲ್ಲಿ ಮರಳು ಸೇರಿಕೊಂಡಿತು. ಉಗುಳಿದರೆ ಕೆಂಪು. "ಸಾಕು ಮಾಡು, ನಾಳೆ ನೋಡೋಣು," ಅಂದೆ. ಅವನು ಎರಡು ಬೆರಳು ಎತ್ತಿ ತೋರಿಸಿದ. ಇನ್ನಿಬ್ಬರು. ನನ್ನ ಹೆಂಡತಿ, ಅವನ ಮಗಳು. ಇಬ್ಬರಿಗೂ ಇದು ಚೊಚ್ಚಲು, ನಿಧಾನ.

ಮೂರನೆಯ ಬೆಳಗ್ಗೆ ಅವನು ಏರಿಯ ಮೇಲೆಯೇ ನಿಂತ. ಅಲ್ಲಿಂದಾದರೆ ಎರಡೂ ಮನೆಗೆ ಕೇಳುತ್ತದೆ, ಮೇಲಿನ ಓಣಿಯ ತನ್ನ ಮನೆಗೂ ಕೆಳಗೇರಿಯ ನನ್ನ ಮನೆಗೂ. ಮೊದಲ ಒಂದು ತಾಸು ಕೇಳಿತು. ಇಬ್ಬರಿಗೂ ಬೇನೆ ಎದ್ದಿತು. ಆಮೇಲೆ ದನಿ ತೆಳ್ಳಗಾಗುತ್ತ ಬಂತು. ಏರಿ ಇಳಿದು ನಾಲ್ಕು ಮನೆ ದಾಟುವಷ್ಟರಲ್ಲಿ ಆರಿಹೋಗುತ್ತಿತ್ತು. ನೀಲವ್ವನನ್ನು ನೋಡಿಕೊಳ್ಳುತ್ತಿದ್ದ ನೆರೆಮನೆಯ ಮುದುಕಿ ನನ್ನನ್ನು ಕರೆಸಿ, "ಖಾಸಿಂಬಿನ್ನ ಕೇಳಿ ಬಾ, ಇಲ್ಲಿ ಬ್ಯಾನಿ ಇಳಿಯಾಕತ್ತೈತಿ," ಅಂದಳು. ನಾನು ಮೇಲಿನ ಓಣಿಗೆ ಓಡಿದೆ.

ಖಾಸಿಂಬಿ ಹೊಳೆವ್ವನ ಮೊಣಕಾಲ ನಡುವೆ ಕೂತಿದ್ದಳು. ಬಾಗಿಲಿಗೆ ಸೀರೆ ಅಡ್ಡ ಕಟ್ಟಿತ್ತು; ಅದರ ಹಿಂದಿನಿಂದಲೇ ಮಾತಾಡಿದಳು.

"ಯಮನೂರ, ಓಡು. ಅಂವನ್ನ ಇಲ್ಲಿ ಕರಕೊಂಡ ಬಾ. ಕೂಸಿನ ನೆತ್ತಿ ಕೈಗೆ ಸಿಗಾಕತ್ತೈತಿ. ಈ ಬಾಗಲದಾಗ ಕುಂತು ಅರ್ಧಾ ತಾಸ ಕೂಗಿದ್ರ ಸಾಕು. ಇಲ್ಲಿ ಮುಗದ ಕೂಡ್ಲೆ ನಿನ್ನ ಮನಿಗೆ ಬರ್ತೀವಿ. ನೀಲವ್ವಗ ಇನ್ನೂ ಹೊತ್ತೈತಿ."

"ಕಾಕಾ, ಲಗೂನ," ಅಂದಳು ಹೊಳೆವ್ವ.

ನಾನು ಓಡಿದೆ. ಇದನ್ನು ಸರಿಯಾಗಿ ಹೇಳಬೇಕು. ಮೇಲಿನ ಓಣಿಯಿಂದ ಏರಿಗೆ ಹೋಗಲು ಕೆಳಗೇರಿಯ ಮೂಲೆ ದಾಟಬೇಕು. ಮೂಲೆಗೆ ಬಂದಾಗ ನೀಲವ್ವ ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಅವಳು ಗಂಡನ ಹೆಸರು ಹೇಳಿದವಳೇ ಅಲ್ಲ. ನಾನು ನಿಲ್ಲಲಿಲ್ಲ. ಏರಿ ಹತ್ತುವವರೆಗೂ ನನ್ನ ಬಾಯಲ್ಲಿ ಖಾಸಿಂಬಿಯ ಮಾತೇ ಇತ್ತು. ದ್ಯಾಮಣ್ಣ ಮೊಣಕಾಲೂರಿ ಕೂತಿದ್ದ. ಗದ್ದದಿಂದ ಎದೆಯವರೆಗೆ ಜೊಲ್ಲು, ರಕ್ತ. ಆ ಕೊರಳಲ್ಲಿ ಎಷ್ಟು ಉಳಿದಿದೆ ಎಂಬುದು ನನಗೆ ಗೊತ್ತಾಯಿತು. ಹತ್ತೊಂಬತ್ತು ವರ್ಷ ಅದನ್ನು ಪಕ್ಕದಲ್ಲಿ ಕೂತು ಕೇಳಿದವನು ನಾನು. ಇಬ್ಬರಿಗಾಗುವಷ್ಟು ಇರಲಿಲ್ಲ.

"ಏನಂದ್ಲು?" ಅಂದ. ಗಾಳಿಯಂಥ ದನಿ.

"ಹೊಳೆವ್ವಗ ಇನ್ನೂ ಹೊತ್ತೈತಂತ," ಅಂದೆ. "ನೀಲವ್ವಂದ ನೆತ್ತಿ ಸಿಗಾಕತ್ತೈತಿ. ಮೊದಲ ಅಲ್ಲಿಗೆ ನಡಿ ಅಂದಾಳ."

ಅವನು ತಲೆಯಾಡಿಸಿ ಎದ್ದ. ಎದ್ದದ್ದೇ ನನ್ನ ಹೆಗಲ ಮೇಲೆ ಕೈ ಹಾಕಿದ. ನಾವಿಬ್ಬರೂ ಹಾಗೆಯೇ ಕೆಳಗೇರಿಗೆ ಇಳಿದೆವು.

ನನ್ನ ಮನೆಯ ಹೊಸ್ತಿಲ ಮೇಲೆ ಕೂತು ಅವನು ಕೂಗಿದ. ಅರ್ಧ ತಾಸು ಅಲ್ಲ. ನೀಲವ್ವನಿಗೆ ನಿಜಕ್ಕೂ ಇನ್ನೂ ಹೊತ್ತು ಬೇಕಿತ್ತು. ಎರಡು ತಾಸು ಕೂಗಿದ. ನಡುವೆ ಒಮ್ಮೆ ಮೇಲಿನ ಓಣಿಯ ಕಡೆ ಮುಖ ತಿರುಗಿಸಿದ. ನಾನು ಲೋಟ ಅವನ ತುಟಿಗೆ ಹಿಡಿದು, "ಇನ್ನೊಂದೀಟ ಯಣ್ಣಾ, ಇನ್ನೊಂದೀಟ," ಅಂದೆ. ಒಳಗೆ ನನ್ನ ಮಗಳು ಅತ್ತಾಗ ಅವನ ಕೂಗು ಅರ್ಧಕ್ಕೆ ತುಂಡಾಯಿತು. ಅವನಾಗಿ ನಿಲ್ಲಿಸಿದ್ದಲ್ಲ. ಬಾಯಿ ಹಾಗೇ ತೆರೆದಿತ್ತು, ಅಂಗೈ ಹಾಗೇ ಇದ್ದವು. ದನಿ ಬರಲಿಲ್ಲ.

ಅವನು ಮೇಲಿನ ಓಣಿಗೆ ಓಡಿದ. ಬಿದ್ದು, ಎದ್ದು ಓಡಿದ. ತನ್ನ ಬಾಗಿಲಲ್ಲಿ ಕೂತು ಬಾಯಿಗೆ ಕೈ ಹಿಡಿದು ಊದಿದ. ಕಮ್ಮಾರನ ತಿದಿ ಒತ್ತಿದಂತೆ ಬರೀ ಗಾಳಿ. ಎದೆ ಗುದ್ದಿಕೊಂಡ. ಬಿಸಿನೀರು ಹಾಕಿದರು, ಎಣ್ಣೆ ಹಾಕಿದರು, ಜೇನು ನೆಕ್ಕಿಸಿದರು. ಆಮೇಲೆ ನಾವು ಬೇಟೆಯವರೆಲ್ಲ ಒಬ್ಬೊಬ್ಬರಾಗಿ ಕೂಗಿದೆವು. ನಾನೂ ಕೂಗಿದೆ. ಓಣಿಯ ತುಂಬ ಮೂವತ್ತು ಗಂಡಸರು ನಿಂತು ಬಾತುಗಳಂತೆ ಕೂಗುತ್ತಿದ್ದೆವು, ಯಾರೂ ನಗಲಿಲ್ಲ. ಒಳಗೆ ಹೊಳೆವ್ವನ ಬೇನೆ ಇಳಿಯುತ್ತ ಇಳಿಯುತ್ತ ಪೂರಾ ನಿಂತುಹೋಯಿತು.

ಖಾಸಿಂಬಿ ಸೀರೆ ಸರಿಸಿ ಹೊರಗೆ ಬಂದಳು. ಕೈ ತೊಳೆದುಕೊಂಡಳು. ನನ್ನ ಮುಂದೆ ನಿಂತು, ಬೇರೆ ಯಾರಿಗೂ ಕೇಳದಂತೆ, "ನಾ ಏನ ಹೇಳಿ ಕಳಿಸಿದ್ದೆ?" ಅಂದಳು. ನಾನು ನೆಲ ನೋಡಿದೆ. ಅವಳು ಇನ್ನೇನೂ ಕೇಳಲಿಲ್ಲ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯುವವಳಲ್ಲ ಅವಳು. ನನ್ನ ಮಗಳಿಗೆ ನೀರೆರೆಯಲು ಮೂರು ತಿಂಗಳು ದಿನಾ ನನ್ನ ಮನೆಗೆ ಬಂದಳು. ನನ್ನ ಜೊತೆ ಮಾತ್ರ ಒಂದೂ ಮಾತಾಡಲಿಲ್ಲ.

ಮತ್ತೆ ಕಾಯುವುದು. ಈಗ ಒಬ್ಬಳಿಗಾಗಿ. ಹದಿನೈದು ತೊಟ್ಟಿಲು ತೂಗುತ್ತಿದ್ದ ಊರಿನಲ್ಲಿ ಒಬ್ಬಳಿಗಾಗಿ ಎಷ್ಟು ಜನ ಆಕಾಶ ನೋಡುತ್ತಾರೆ? ಮೊದಲ ವಾರ ಎಲ್ಲ ತೆಪ್ಪಗಳೂ ನೀರಿಗಿಳಿದವು. ಎರಡನೆಯ ವಾರ ಆರು. ಕೊನೆಗೆ ನಮ್ಮದೊಂದೇ. ದ್ಯಾಮಣ್ಣ ಮುಂದೆ, ನಾನು ಹಿಂದೆ. ಅವನು ನೀರಿಗೆ ಕೈ ಇಳಿಸುತ್ತಿದ್ದ, ತೆಗೆಯುತ್ತಿದ್ದ. ನನ್ನ ಕಡೆ ತಿರುಗಿ ತಲೆ ಅಡ್ಡ ಆಡಿಸುತ್ತಿದ್ದ. ಒಂದು ದಿನ ಎರಡೂ ಕೈಯಿಂದ ತೊಟ್ಟಿಲು ತೂಗಿದಂತೆ ಮಾಡಿ, ನನ್ನತ್ತ ಬೊಟ್ಟು ತೋರಿಸಿ ನಕ್ಕ. ನಿನ್ನ ಮಗಳು ಹೇಗಿದ್ದಾಳೆ ಎಂದು ಕೇಳುತ್ತಿದ್ದಾನೆಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. "ಆರಾಮ ಅದಾಳ," ಅಂದೆ.

ಇಪ್ಪತ್ತಮೂರನೆಯ ದಿನ, ಸುಡುವ ಮಧ್ಯಾಹ್ನದಲ್ಲಿ, ಬಾತುಗಳು ಬಂದವು. ಒಂಬತ್ತು. ಬರಬೇಕಾದ ದಿಕ್ಕಿನಿಂದಲ್ಲ, ಪಡುವಣದಿಂದ, ತಗ್ಗಿನಲ್ಲಿ ಹಾರುತ್ತ. ಇಳಿದವು ಅನ್ನುವುದಕ್ಕಿಂತ ಬಿದ್ದವು ಅನ್ನಬೇಕು, ಯಾರೋ ಕಲ್ಲು ಒಗೆದಂತೆ. ಒಂದು ಇಳಿದ ಕೂಡಲೇ ರೆಕ್ಕೆಯೊಳಗೆ ತಲೆ ಹುದುಗಿಸಿತು. ಇನ್ನೊಂದು ಎರಡು ಸಲ ಕೂಗಿತು, ಅಷ್ಟೇ. ದ್ಯಾಮಣ್ಣ ತೆಪ್ಪದಿಂದ ನೀರಿಗೆ ಹಾರಿದ. ಎದೆಮಟ್ಟದ ನೀರಿನಲ್ಲಿ ಜೊಂಡು ಸೀಳಿಕೊಂಡು ದಡಕ್ಕೆ ಹೋದ. ನಾನು ತೆಪ್ಪ ಬಿಟ್ಟು ಹಿಂದೆ ಹೋದೆ.

ಎರಡೇ ಕೂಗು ಸಾಕಾಗಿತ್ತು. ನಾವು ಹೋಗುವಷ್ಟರಲ್ಲಿ ಹೊಳೆವ್ವನಿಗೆ ಬೇನೆ ಎದ್ದಿತ್ತು, ಖಾಸಿಂಬಿ ಒಳಗಿದ್ದಳು. ಸುಲಭದ ಹೆರಿಗೆ. ಗಂಡುಕೂಸು, ತಲೆ ತುಂಬ ಕೂದಲು, ಬೆರಳುಗಳಿಗೆ ಉದ್ದ ಉಗುರು. ಉಸಿರಿರಲಿಲ್ಲ. ಬಾಗಿಲಿನ ತನಕ ಬಂದು ತಿರುಗಿ ಹೋಗಿ ಬಹಳ ದಿನ ಆಗಿದೆ ಎಂದು ಖಾಸಿಂಬಿ ಸೋಮಲಿಂಗನಿಗೆ ಹೇಳಿದಳು. ಸೋಮಲಿಂಗ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡ. ಏರಿಯ ಕೆಳಗೆ ಗುಂಡಿ ತೆಗೆದೆವು. ಮಣ್ಣು ಎಳೆಯುವಾಗ ದ್ಯಾಮಣ್ಣ ಬಾಯಿ ತೆರೆದು ಅತ್ತ, ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ. ಆ ಒಂಬತ್ತು ಹಕ್ಕಿಗಳಿಗೆ ಯಾರೂ ಬಂದೂಕು ಎತ್ತಲಿಲ್ಲ. ನಾಲ್ಕು ದಿನ ಇದ್ದು ಅವು ಎಲ್ಲಿಗೋ ಹೋದವು.

ಹೊಳೆವ್ವ ಗಂಡನ ಮನೆಗೆ ಹೋಗಲಿಲ್ಲ. ಸೋಮಲಿಂಗನೇ ಬಂದು ಹೋಗಿ ಮಾಡುತ್ತಿದ್ದ. ಅಪ್ಪನ ಮನೆಯಲ್ಲೇ ಇದ್ದಳು, ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ರೊಟ್ಟಿ ಬಡಿದು, ತಾಟಿಗೆ ಹಾಕಿ, ನೆಲಕ್ಕೆ ಸರಿಸಿ ಎದ್ದುಹೋಗುತ್ತಿದ್ದಳು. ಅವಳು ಆ ದಿನ ಸೀರೆಯ ಹಿಂದೆ ಮಲಗಿ ಖಾಸಿಂಬಿಯ ಮಾತನ್ನೆಲ್ಲ ಕೇಳಿದ್ದಳಲ್ಲ. ಹೇಳಿಕಳಿಸಿದರೂ ಅಪ್ಪ ಬರಲಿಲ್ಲ, ಬೇರೆಯವರ ಮನೆಗೆ ಹೋಗಿ ಕೂತ. ಅವಳಿಗೆ ಗೊತ್ತಿದ್ದದ್ದು ಇಷ್ಟು. ದ್ಯಾಮಣ್ಣನಿಗೆ ಅದೂ ಗೊತ್ತಿರಲಿಲ್ಲ. ತನ್ನ ಕೊರಳು ಸೋತಿತು, ಅದಕ್ಕೇ ಮಗಳು ಮುನಿದಿದ್ದಾಳೆ ಎಂದುಕೊಂಡಿದ್ದ. ಕೇಳಲು ಅವನಿಗೆ ದನಿ ಇರಲಿಲ್ಲ. ಬೇಸಿಗೆ, ಮಳೆಗಾಲ ಎರಡೂ ಹಾಗೇ ಕಳೆದವು. ಅವನು ಅಂಗಳದಲ್ಲಿ ಕೂತು ಅವಳು ಓಡಾಡುವುದನ್ನೇ ನೋಡುತ್ತಿದ್ದ. ನೋಡುತ್ತಾನೆಂದು ಅವಳು ಹಿತ್ತಲ ಬಾಗಿಲಿಂದ ಓಡಾಡತೊಡಗಿದಳು.

ನನ್ನ ಮಗಳು ತೆವಳಿದಳು, ಹಿಡಿದುಕೊಂಡು ನಿಂತಳು. ಹದಿನೈದು ಮಕ್ಕಳಲ್ಲಿ ಒಂದಕ್ಕೂ ಏನೂ ಊನವಿರಲಿಲ್ಲ. ಎಲ್ಲ ಮಕ್ಕಳಂತೆ ಹಲ್ಲು ಬಂದವು, ಜ್ವರ ಬಂತು, ಹೋಯಿತು.

ಮಹಾನವಮಿಯ ಹಿಂದಿನ ದಿನ ನಾನು ಮೇಲಿನ ಓಣಿಗೆ ಹೋದೆ. ದ್ಯಾಮಣ್ಣ ತೆಪ್ಪ ರಿಪೇರಿಗೆ ಕೆರೆಗೆ ಹೋಗಿದ್ದನ್ನು ನೋಡಿಕೊಂಡೇ ಹೋದೆ. ಹೊಳೆವ್ವ ಹಿತ್ತಲಲ್ಲಿ ಜೊಂಡಿನ ಚಾಪೆ ಹೆಣೆಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಮೂಲೆಯಲ್ಲಿ ಕೇಳಿಸಿದ ಕೂಗು, ಏರಿಯ ಮೇಲೆ ಆಡಿದ ಮಾತು, ಹೊಸ್ತಿಲ ಮೇಲೆ ಹಿಡಿದ ಲೋಟ. ಅವಳು ಕೈ ನಿಲ್ಲಿಸಲಿಲ್ಲ. ಒಂದು ಸಾಲು ಮುಗಿಸಿ, ಇನ್ನೊಂದು ಸಾಲು ಹಿಡಿದು, ಅದನ್ನೂ ಮುಗಿಸಿದಳು.

"ಯಾರಿಗೆ ಹೇಳೀದಿ?"

"ಯಾರಿಗೂ ಇಲ್ಲ."

"ನೀಲವ್ವ ಚಿಗವ್ವಗ?"

"ಇಲ್ಲ. ನಿನಗ ಮೊದಲ. ಈಗ ಕೆರೀಗೆ ಹೋಗಿ ದ್ಯಾಮಣ್ಣಗ ಹೇಳ್ತೀನಿ."

"ನಮ್ಮಪ್ಪಗ ಹೇಳಬ್ಯಾಡ."

"ಅಂವಂದ ತಪ್ಪಿಲ್ಲಂತ ಅಂವಗ ಗೊತ್ತಾಗಬೇಕಲ್ಲವಾ."

"ನನಗ ಗೊತ್ತಾತಲ್ಲ, ಸಾಕು. ಇವತ್ತಿಂದ ನಾ ಅಂವನ ಕೂಡ ಮಾತಾಡ್ತೀನಿ." ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರ ಪಸೆಯೂ ಇರಲಿಲ್ಲ. "ದನಿ ಹೋತು. ಮೊಮ್ಮಗ ಹೋದ. ಇನ್ನ ಅಂವಗ ಅಂತ ಉಳದಾವ ನೀ ಒಬ್ಬಾವ. ನಿನ್ನೂ ಕಸಗೊಂಡ್ರ ಆ ತೆಪ್ಪದಾಗ ಯಾರ ಕೂಡ ಕೂಡಬೇಕು ಅಂವ? ನೀ ಹೇಳಿ ಹಗುರಾಗಾಕ ಬಂದೀದಿ ಕಾಕಾ. ಹಗುರ ಆಗಬ್ಯಾಡ. ದಿನಾ ಹೋಗು. ದಿನಾ ಅಂವನ ಬಾಜೂಕ ಕೂಡು. ಅಂವ ಸಾಯೂ ತನಕ."

ಅವಳು ಚಾಪೆಯ ಕಡೆ ತಿರುಗಿದಳು. ನಾನು ಹಿತ್ತಲ ಬಾಗಿಲಿನಿಂದಲೇ ಹೊರಗೆ ಬಂದೆ.

ಆ ವರ್ಷ ಊರಲ್ಲಿ ಬಸುರಿಯರು ಮೂವರೇ. ಉಳಿದವರು ಹೆದರಿದ್ದರು. ಬಡಗಣ ಗಾಳಿ ಹೇಳಿಕಳಿಸಿದಂತೆ ದೀಪಾವಳಿಯ ಮೂರನೆಯ ದಿನವೇ ಬೀಸಿತು. ಬೆಳಗ್ಗೆ ತೆಪ್ಪ ನೂಕಿದಾಗ ಕೆರೆಯ ಮೇಲೆ ಮಂಜು ಕೂತಿತ್ತು, ಎದುರಿನ ದಡ ಕಾಣುತ್ತಿರಲಿಲ್ಲ. ದ್ಯಾಮಣ್ಣನ ಮುಖ ಬೆಳಗುತ್ತಿತ್ತು. ಮಗಳು ಮಾತಾಡತೊಡಗಿ ತಿಂಗಳಾಗುತ್ತ ಬಂದಿತ್ತು. ಅವನು ನೀರಿನಿಂದ ಕೈ ತೆಗೆದು ನನ್ನ ಕೆನ್ನೆಗೆ ಒತ್ತಿದ, ನೋಡು ಎಷ್ಟು ತಣ್ಣಗಿದೆ ಎನ್ನುವಂತೆ. ನನಗೆ ಮೈಯೆಲ್ಲ ನಡುಗಿತು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ನನಗೆ ಚಳಿಯಾಯಿತೆಂದು ತಿಳಿದು ಅವನು ತಾನು ಹೊದ್ದಿದ್ದ ಕಂಬಳಿ ಬಿಚ್ಚಿ, ನನ್ನ ಹೆಗಲ ಮೇಲೆ ಹಾಕಿ, ಅಂಚುಗಳನ್ನು ಕೊರಳ ಹತ್ತಿರ ಸೇರಿಸಿ ಹಿಡಿದುಕೊಂಡ.